ನೂರಾರು ಫೋನ್ ಸೇರುವ ಸಭಾಂಗಣಕ್ಕೆ ವೈ-ಫೈ ವಿನ್ಯಾಸ: ಸಮಗ್ರ ಮಾರ್ಗದರ್ಶಿ

ಖಾಲಿ ಸಭಾಂಗಣದಲ್ಲಿ ಪರೀಕ್ಷಿಸಿದಾಗ ಸಲೀಸಾಗಿ ಓಡಿದ ವೈ-ಫೈ, ಜನ ತುಂಬಿ ಹತ್ತು ನಿಮಿಷವಾಗುವಷ್ಟರಲ್ಲಿ ನಿಂತುಹೋಗುತ್ತದೆ. ಫೋನಿನಲ್ಲಿ ಸಿಗ್ನಲ್ ಪೂರ್ತಿ ತೋರಿಸುತ್ತಿರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಆಗ ಹೆಚ್ಚಿನವರು ಇನ್ನೆರಡು ಆಕ್ಸೆಸ್ ಪಾಯಿಂಟ್ (ವೈ-ಫೈ ಸಿಗ್ನಲ್ ಕೊಡುವ ಸಾಧನ) ತಂದು ಗೋಡೆಗೆ ಹಾಕುತ್ತಾರೆ. ಎಷ್ಟೋ ಸಲ ಅದರಿಂದ ನೆಟ್‌ವರ್ಕ್ ಮತ್ತಷ್ಟು ಹದಗೆಡುತ್ತದೆ. ಯಾಕೆಂದರೆ ದಟ್ಟಣೆ ಇರುವ ಕಡೆ ಸಾಲದೆ ಬರುವುದು ಸಿಗ್ನಲ್ ಅಲ್ಲ, ಏರ್‌ಟೈಮ್, ಅಂದರೆ ಗಾಳಿಯಲ್ಲಿ ಪ್ರಸಾರಕ್ಕೆ ಸಿಗುವ ಸಮಯ.

ವೈ-ಫೈನಲ್ಲಿ ಒಂದು ಚಾನೆಲ್ (ರೇಡಿಯೋ ಆವರ್ತನದ ಒಂದು ಪಟ್ಟಿ) ಮೇಲೆ ಒಂದು ಹೊತ್ತಿಗೆ ಒಂದೇ ಸಾಧನ ಪ್ರಸಾರ ಮಾಡುತ್ತದೆ, ಉಳಿದವು ಕೇಳಿಸಿಕೊಂಡು ಸುಮ್ಮನಿರಬೇಕು. ಒಂದೇ ಚಾನೆಲ್‌ನಲ್ಲಿರುವ ಎರಡು ಆಕ್ಸೆಸ್ ಪಾಯಿಂಟ್‌ಗಳಿಗೆ ಪರಸ್ಪರರ ಪ್ರಸಾರ ಕೇಳುತ್ತಿದ್ದರೆ ಅವು ಒಂದೇ ಸಮಯವನ್ನು ಹಂಚಿಕೊಳ್ಳುತ್ತವೆಯೇ ಹೊರತು ಸಾಮರ್ಥ್ಯ ಎರಡು ಪಟ್ಟು ಆಗುವುದಿಲ್ಲ. ಹಾಗಾಗಿ ವಿನ್ಯಾಸ ಅಂದರೆ ಸಿಗುವ ಚಾನೆಲ್‌ಗಳನ್ನು ಎಣಿಸಿ ಹಂಚುವುದು, ಆಮೇಲೆ ಪ್ರತಿ ಚಾನೆಲ್‌ನ ಸಮಯ ಪೋಲಾಗದಂತೆ ಕಾಯುವುದು. ಉದಾಹರಣೆಗೆ 600 ಆಸನಗಳ ಒಂದು ಸಭಾಂಗಣವನ್ನು ಇಟ್ಟುಕೊಳ್ಳೋಣ: 30 ಮೀಟರ್ ಉದ್ದ, 25 ಮೀಟರ್ ಅಗಲ, 7 ಮೀಟರ್ ಎತ್ತರದ ಛಾವಣಿ. ಮುಂದೆ ಆಕ್ಸೆಸ್ ಪಾಯಿಂಟನ್ನು ಎಪಿ ಎಂದು ಕರೆಯೋಣ.

ಹಂತ 1: ಬೇಡಿಕೆಯ ಲೆಕ್ಕ

ಎಪಿ ಎಷ್ಟು ಬೇಕು ಎಂಬುದನ್ನು ಚದರಡಿಯಿಂದ ಲೆಕ್ಕ ಹಾಕಬೇಡಿ. ಸಾಧನಗಳಿಂದ ಶುರು ಮಾಡಿ. ಒಬ್ಬರಿಗೆ ಒಂದೂವರೆ ಸಾಧನ ಎಂದರೆ 900. ಅವುಗಳಲ್ಲಿ ಒಂದೇ ಹೊತ್ತಿಗೆ ಡೇಟಾ ಕೇಳುವವು ಶೇ 40 ಎಂದು ಹಿಡಿದರೆ 360. ಪ್ರತಿಯೊಂದಕ್ಕೂ 1.5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಕೊಡಬೇಕೆಂದರೆ ಒಟ್ಟು 540 ಎಂಬಿಪಿಎಸ್. ಎಲ್ಲರೂ ಲ್ಯಾಪ್‌ಟಾಪ್ ಹಿಡಿದು ಕೂರುವ ಆನ್‌ಲೈನ್ ಪರೀಕ್ಷೆಯಾದರೆ ಶೇ 40ರ ಬದಲು ಶೇ 100 ಹಾಕಿ. ಸಂಗೀತ ಕಾರ್ಯಕ್ರಮವಾದರೆ ಅಪ್‌ಲೋಡನ್ನು ಬೇರೆಯಾಗಿ ಲೆಕ್ಕ ಹಾಕಿ, ಅಲ್ಲಿ ಜನ ವಿಡಿಯೋ ಕಳಿಸುವುದೇ ಹೆಚ್ಚು.

ಇನ್ನು ಎಪಿಯೊಳಗಿನ ಒಂದು ರೇಡಿಯೋದಿಂದ (ಒಂದು ಚಾನೆಲ್‌ನಲ್ಲಿ ಪ್ರಸಾರ ಮಾಡುವ ಭಾಗ) ನಿಜಕ್ಕೂ ಎಷ್ಟು ಸಿಗುತ್ತದೆ? ವೈ-ಫೈ 6ರ ಎರಡು ಸ್ಟ್ರೀಮ್ (ಒಟ್ಟಿಗೆ ಸಾಗುವ ಎರಡು ಡೇಟಾ ಧಾರೆ) ಫೋನಿಗೆ 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಗರಿಷ್ಠ ದರ 286.8 ಎಂಬಿಪಿಎಸ್. ಡಬ್ಬದ ಮೇಲಿನ ಈ ಸಂಖ್ಯೆಯನ್ನು ಲೆಕ್ಕಕ್ಕೆ ತರಬೇಡಿ. ಒಂದು ಪ್ಯಾಕೆಟ್ ಗಾಳಿಯಲ್ಲಿ ಹೋಗುವಾಗ ಏನಾಗುತ್ತದೆ ನೋಡಿ. 1500 ಬೈಟ್‌ನ ಪ್ಯಾಕೆಟ್ 150 ಎಂಬಿಪಿಎಸ್ ದರದಲ್ಲಿ ಹೋಗಲು 80 ಮೈಕ್ರೋಸೆಕೆಂಡ್ ಸಾಕು. ಆದರೆ ಅದಕ್ಕೆ ಮೊದಲು ಚಾನೆಲ್ ಖಾಲಿಯಿದೆಯೇ ಎಂದು ಕಾಯುವುದು, ಮೇಲೆ ಸರಾಸರಿ ಏಳೂವರೆ ಸ್ಲಾಟ್‌ಗಳ ಬ್ಯಾಕ್‌ಆಫ್ (ಡಿಕ್ಕಿ ತಪ್ಪಿಸಲು ಮನಬಂದಷ್ಟು ಹೊತ್ತು ಕಾಯುವುದು), ಆಮೇಲೆ ಪ್ರಿಯಾಂಬಲ್ (ಪ್ರಸಾರದ ಆರಂಭದ ಗುರುತು), 16 ಮೈಕ್ರೋಸೆಕೆಂಡ್‌ನ ಬಿಡುವು, ಕೊನೆಗೆ ತಲುಪಿತೆಂಬ ಉತ್ತರ. ಒಂದು ಸ್ಲಾಟ್ ಎಂದರೆ 9 ಮೈಕ್ರೋಸೆಕೆಂಡ್. ಇವೆಲ್ಲ ಸೇರಿ ಸುಮಾರು 190 ಮೈಕ್ರೋಸೆಕೆಂಡ್. ಅಂದರೆ 80ರ ಕೆಲಸಕ್ಕೆ 270 ಖರ್ಚು, ಕೈಗೆ ಸಿಗುವುದು ಸುಮಾರು 44 ಎಂಬಿಪಿಎಸ್.

ದೊಡ್ಡ ಡೌನ್‌ಲೋಡ್‌ನಲ್ಲಿ ಹತ್ತಾರು ಪ್ಯಾಕೆಟ್‌ಗಳು ಒಂದೇ ಕಟ್ಟಾಗಿ ಹೋಗುವುದರಿಂದ ಈ ಹೊರೆ ಹಂಚಿಹೋಗುತ್ತದೆ. ಚಾಟ್ ಸಂದೇಶ, ನೋಟಿಫಿಕೇಶನ್, ಡೇಟಾ ತಲುಪಿತೆಂದು ತಿಳಿಸುವ ಟಿಸಿಪಿ ಉತ್ತರಗಳಂಥ ಪುಟ್ಟ ಪ್ಯಾಕೆಟ್‌ಗಳಿಗೆ ಆ ಅನುಕೂಲ ಅಷ್ಟಾಗಿ ಸಿಗುವುದಿಲ್ಲ. ಸಭಾಂಗಣದ ಟ್ರಾಫಿಕ್‌ನಲ್ಲಿ ತುಂಬಿರುವುದೇ ಅವು. ಹಳೆಯ ಹೊಸ ಫೋನ್‌ಗಳು ಬೆರೆತ ಗುಂಪಿಗೆ ಒಂದು 20 ಮೆಗಾಹರ್ಟ್ಸ್ ರೇಡಿಯೋಗೆ 60 ಎಂಬಿಪಿಎಸ್ ಎಂದು ಹಿಡಿಯುವುದು ವಿವೇಕ. 540 ಭಾಗಿಸು 60, ಅಂದರೆ 9 ರೇಡಿಯೋ. ಜೊತೆಗೆ ಒಂದು ರೇಡಿಯೋಗೆ 75ಕ್ಕಿಂತ ಹೆಚ್ಚು ಸಾಧನ ಅಂಟದಂತೆ ನೋಡಿಕೊಳ್ಳಬೇಕೆಂದರೆ 900 ಭಾಗಿಸು 75, ಅಂದರೆ 12. ಎರಡರಲ್ಲಿ ದೊಡ್ಡದನ್ನು ತೆಗೆದುಕೊಳ್ಳಿ. ನಮ್ಮ ಸಭಾಂಗಣಕ್ಕೆ 5 ಗಿಗಾಹರ್ಟ್ಸ್‌ನ 12 ರೇಡಿಯೋಗಳು, ಅಂದರೆ ಎಪಿಗೊಂದರಂತೆ 12 ಎಪಿ ಬೇಕು.

ಹಂತ 2: ಚಾನೆಲ್ ಹುಡುಕುವುದು

12 ರೇಡಿಯೋಗೆ 12 ಬೇರೆ ಬೇರೆ ಚಾನೆಲ್ ಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಈ ಮೂರೇ. ಅದನ್ನು ಸಾಮರ್ಥ್ಯದ ಲೆಕ್ಕದಿಂದಲೇ ಬಿಟ್ಟುಬಿಡಿ. ಹಳೆಯ ಸಾಧನಗಳಿಗಾಗಿ ಬೇಕೇಬೇಕಿದ್ದರೆ ಮೂರು ಎಪಿಗಳಲ್ಲಿ ಮಾತ್ರ ಅದನ್ನು ಹಚ್ಚಿ, ಉಳಿದ ಒಂಬತ್ತರಲ್ಲಿ ಆಫ್ ಮಾಡಿ.

5 ಗಿಗಾಹರ್ಟ್ಸ್‌ನಲ್ಲಿ ದೇಶದ ನಿಯಮ ನೋಡಬೇಕು. ಅಮೆರಿಕದ ನಿಯಮದಂತೆ 165ನೇ ಚಾನೆಲ್‌ವರೆಗೆ 20 ಮೆಗಾಹರ್ಟ್ಸ್‌ನ 25 ಚಾನೆಲ್‌ಗಳಿವೆ. ಅವುಗಳಲ್ಲಿ 36ರಿಂದ 48, 149ರಿಂದ 165, ಒಟ್ಟು ಒಂಬತ್ತು ಮಾತ್ರ ರೇಡಾರ್ ನಿರ್ಬಂಧವಿಲ್ಲದವು. 52ರಿಂದ 144ರವರೆಗಿನವು ಡಿಎಫ್‌ಎಸ್ ಚಾನೆಲ್‌ಗಳು, ಅಂದರೆ ರೇಡಾರ್ ಬಂದರೆ ಬಿಟ್ಟುಕೊಡಬೇಕಾದವು. ಇವುಗಳಲ್ಲಿ ಪ್ರಸಾರ ಶುರು ಮಾಡುವ ಮೊದಲು ಎಪಿ ಕನಿಷ್ಠ 60 ಸೆಕೆಂಡ್ ಕೇಳಿಸಿಕೊಂಡಿರಬೇಕು, ರೇಡಾರ್ ಕಂಡರೆ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಬೇಕು, 30 ನಿಮಿಷ ಆ ಚಾನೆಲ್ ಕಡೆ ತಿರುಗಿ ನೋಡಬಾರದು. ಇಷ್ಟು ರಗಳೆ ಏಕೆಂದು ಡಿಎಫ್‌ಎಸ್ ಬಿಟ್ಟುಬಿಡುವವರು ಬಹಳ. ಆದರೆ ದಟ್ಟ ವಿನ್ಯಾಸದಲ್ಲಿ ಅದನ್ನು ಬಿಟ್ಟರೆ ಲೆಕ್ಕ ಕೂಡುವುದೇ ಇಲ್ಲ. ಒಂದು ವಾರ ಎಪಿಗಳನ್ನು ಆ ಚಾನೆಲ್‌ಗಳಲ್ಲಿ ಓಡಲು ಬಿಟ್ಟು ಲಾಗ್ ನೋಡಿ. ರೇಡಾರ್ ಘಟನೆ ಪದೇಪದೇ ಬಂದ ಚಾನೆಲ್‌ಗಳನ್ನು ಮಾತ್ರ ಪಟ್ಟಿಯಿಂದ ತೆಗೆಯಿರಿ.

ಡಿಎಫ್‌ಎಸ್‌ನಲ್ಲಿ ಇನ್ನೊಂದು ಸಂಗತಿ ನೆನಪಿಡಿ: ಫೋನ್‌ಗಳು ಅಲ್ಲಿ ತಾವಾಗಿ ಕೂಗಿ ಹುಡುಕುವುದಿಲ್ಲ, ಎಪಿ ತಾನಿರುವುದನ್ನು ಸಾರುವ ಬೀಕನ್ ಬರುವವರೆಗೆ ಕಾಯುತ್ತವೆ. ಬೀಕನ್‌ಗಳ ನಡುವಿನ ಅಂತರ 102.4 ಮಿಲಿಸೆಕೆಂಡ್. ಹಾಗಾಗಿ ಎಪಿ ಪತ್ತೆ ನಿಧಾನವಾಗುತ್ತದೆ. ಎಪಿಯಲ್ಲಿ 802.11ಕೆ ಎಂಬ ಸೌಲಭ್ಯ ಹಚ್ಚಿದ್ದರೆ ನೆರೆಯ ಎಪಿಗಳ ಪಟ್ಟಿ ಮೊದಲೇ ಫೋನಿಗೆ ಸಿಕ್ಕು ಈ ತೊಂದರೆ ತಗ್ಗುತ್ತದೆ.

ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೇ ನಿಲ್ಲಲಿ. 40ಕ್ಕೆ ಏರಿಸಿದರೆ ವೇಗ ಪರೀಕ್ಷೆಯ ಸಂಖ್ಯೆ ಚೆಂದ ಕಾಣುತ್ತದೆ. ಆದರೆ ಚಾನೆಲ್‌ಗಳ ಸಂಖ್ಯೆ ಅರ್ಧವಾಗುತ್ತದೆ, ಗದ್ದಲದ ಮಟ್ಟ 3 ಡಿಬಿ (ಡೆಸಿಬೆಲ್), ಅಂದರೆ ಎರಡು ಪಟ್ಟು ಏರುತ್ತದೆ. 80 ಮೆಗಾಹರ್ಟ್ಸ್ ಹಾಕಿದ 12 ಎಪಿ ಎಂದರೆ ಐದಾರು ಚಾನೆಲ್‌ಗಳಿಗಾಗಿ 12 ರೇಡಿಯೋಗಳ ಜಗಳ. ಕಾರ್ಖಾನೆಯಿಂದ ಬರುವ ಸೆಟ್ಟಿಂಗ್ ಹಲವು ಎಪಿಗಳಲ್ಲಿ 80 ಇರುತ್ತದೆ. ಮೊದಲು ಬದಲಾಯಿಸಬೇಕಾದ್ದು ಅದನ್ನೇ.

ಹಂತ 3: ಒಂದೇ ಕೋಣೆಯಲ್ಲಿ ಚಾನೆಲ್ ಮರುಬಳಕೆ ಸಾಧ್ಯವೇ?

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹೆಚ್ಚಿನ ವಿನ್ಯಾಸಗಳು ದಾರಿ ತಪ್ಪುವುದು ಇಲ್ಲಿಯೇ. "ಪವರ್ ತಗ್ಗಿಸಿ, ಒಂದು ಮೂಲೆಯಲ್ಲಿ 36, ಎದುರು ಮೂಲೆಯಲ್ಲಿ ಮತ್ತೆ 36 ಹಾಕಬಹುದು" ಎಂಬ ಮಾತು ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. ಎಪಿಯ ಪವರ್ 12 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡಿಬಿಯಲ್ಲಿ ಹೇಳುವ ಶಕ್ತಿ; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ), ಆಂಟೆನಾ ಲಾಭ 4 ಡಿಬಿ, ಒಟ್ಟು 16. ತೆರೆದ ಜಾಗದಲ್ಲಿ 5.5 ಗಿಗಾಹರ್ಟ್ಸ್ ಸಿಗ್ನಲ್ ಮೊದಲ ಮೀಟರ್‌ನಲ್ಲೇ ಸುಮಾರು 47 ಡಿಬಿ ಕಳೆದುಕೊಳ್ಳುತ್ತದೆ, ದೂರ ಹತ್ತು ಪಟ್ಟಾದಾಗೆಲ್ಲ ಇನ್ನೂ 20 ಡಿಬಿ. 30 ಮೀಟರ್ ದೂರದ ಎದುರು ಮೂಲೆಗೆ ಅದು ಸುಮಾರು ಮೈನಸ್ 61 ಡಿಬಿಎಂ ಆಗಿ ತಲುಪುತ್ತದೆ. ಮಾನದಂಡದ ಪ್ರಕಾರ ಮೈನಸ್ 82ರ ವೈ-ಫೈ ಪ್ರಸಾರ ಕೇಳಿದರೂ ರೇಡಿಯೋ ಸುಮ್ಮನಾಗಬೇಕು. ಮೈನಸ್ 82ಕ್ಕೆ ಇಳಿಯಲು 350 ಮೀಟರ್‌ಗೂ ಹೆಚ್ಚು ದೂರ ಬೇಕು. ಪವರನ್ನು ಇನ್ನೂ 6 ಡಿಬಿ ತಗ್ಗಿಸಿದರೂ ಅದು 175 ಮೀಟರ್‌ಗಿಂತ ಕೆಳಗಿಳಿಯುವುದಿಲ್ಲ. ಛಾವಣಿಯಿಂದ ಛಾವಣಿಗೆ ನಡುವೆ ಅಡ್ಡಿಯಿಲ್ಲದಿರುವಾಗ ಕೆಳಗೆ ಕುಳಿತ ಜನರ ದೇಹಗಳೂ ನೆರವಿಗೆ ಬರುವುದಿಲ್ಲ.

ಆದ್ದರಿಂದ ನಿಯಮ ಸರಳ: ತೆರೆದ ಸಭಾಂಗಣದಲ್ಲಿ ಎಲ್ಲ ದಿಕ್ಕಿಗೂ ಸಿಗ್ನಲ್ ಚೆಲ್ಲುವ ಆಂಟೆನಾ ಬಳಸುವುದಾದರೆ ಒಂದು ಚಾನೆಲ್ ಒಂದೇ ಸಲ. ಚಾನೆಲ್ ಮುಗಿದರೆ ಎಪಿ ಸೇರಿಸುವುದನ್ನು ನಿಲ್ಲಿಸಿ.

ಮರುಬಳಕೆ ಅನಿವಾರ್ಯವಾದಷ್ಟು ದೊಡ್ಡ ಜಾಗವಾದರೆ, ಉದಾಹರಣೆಗೆ ಕ್ರೀಡಾಂಗಣ, ಎರಡು ದಾರಿಗಳಿವೆ. ಒಂದು, ಕಿರಿದಾದ ಕೋನದ ಆಂಟೆನಾವನ್ನು ಮೇಲಿಂದ ನೇರ ಕೆಳಗೆ ತಿರುಗಿಸುವುದು. ಜನರ ತಲೆಗಿಂತ 10 ಮೀಟರ್ ಮೇಲಿರುವ 60 ಡಿಗ್ರಿ ಆಂಟೆನಾ ಸುಮಾರು 11.5 ಮೀಟರ್ ವ್ಯಾಸದ ವೃತ್ತವನ್ನು ಆವರಿಸುತ್ತದೆ, 30 ಡಿಗ್ರಿಯದಾದರೆ 5.4 ಮೀಟರ್. ಬದಿಗೆ ಸೋರುವ ಸಿಗ್ನಲ್, ನೆಲದಿಂದ ಪುಟಿಯುವ ಸಿಗ್ನಲ್ ಇದ್ದೇ ಇರುತ್ತವೆ. ಹಾಗಾಗಿ ಮರುಬಳಕೆಯ ಅಂತರವನ್ನು ಅಳೆದೇ ತೀರ್ಮಾನಿಸಬೇಕು. ಎರಡನೆಯದು ಎಪಿಯನ್ನು ಆಸನದ ಕೆಳಗೆ ಇಡುವುದು. ಅಲ್ಲಿ ಜನರ ದೇಹಗಳೇ ಗೋಡೆಗಳಂತೆ ಸಿಗ್ನಲ್ ಹೀರಿ ಕೋಶವನ್ನು, ಅಂದರೆ ಒಂದು ಎಪಿ ಆವರಿಸುವ ಜಾಗವನ್ನು, ಚಿಕ್ಕದು ಮಾಡುತ್ತವೆ. ಕೇಬಲ್ ಎಳೆಯುವ ಖರ್ಚು ಮತ್ತು ನೆಲ ತೊಳೆಯುವ ನೀರಿನ ಕಾಟ ಅದರ ಬೆಲೆ. ಆಸನಗಳು ಖಾಲಿಯಿದ್ದಾಗ ಈ ವಿನ್ಯಾಸ ತುಂಬಿದಾಗಿನಂತೆ ವರ್ತಿಸುವುದಿಲ್ಲ ಎಂಬುದೂ ತಿಳಿದಿರಲಿ.

ನಮ್ಮ 7 ಮೀಟರ್ ಛಾವಣಿಗೆ ಸಾಮಾನ್ಯ ಒಳ ಆಂಟೆನಾದ ಎಪಿ ಸಾಕು. 12 ಎಪಿಗಳನ್ನು ಮೂರು ಸಾಲು, ಸಾಲಿಗೆ ನಾಲ್ಕರಂತೆ ಆಸನಗಳ ಮೇಲೆ ಹಂಚಿ. ಛಾವಣಿ 8 ಮೀಟರ್ ದಾಟಿದರೆ ದಿಕ್ಕಿನ ಆಂಟೆನಾ ಯೋಚಿಸಿ. ಎರಡು ಎಪಿಗಳನ್ನು 3 ಮೀಟರ್‌ಗಿಂತ ಹತ್ತಿರ ಇಡಬೇಡಿ, ಪಕ್ಕಪಕ್ಕದ ಎಪಿಗಳಿಗೆ ಪಕ್ಕಪಕ್ಕದ ಚಾನೆಲ್ ಕೊಡಬೇಡಿ. 36ರ ಪಕ್ಕ 40 ಇಟ್ಟರೆ ಒಂದರ ಸೋರಿಕೆ ಇನ್ನೊಂದರ ಗದ್ದಲವಾಗುತ್ತದೆ. 36ರ ಪಕ್ಕ 100, ಅದರ ಪಕ್ಕ 149 ಎಂಬಂತೆ ಹಂಚಿ. ಸ್ವಯಂಚಾಲಿತ ಚಾನೆಲ್ ಆಯ್ಕೆಯನ್ನು ಸಭಾಂಗಣದ ಮಟ್ಟಿಗೆ ಆಫ್ ಮಾಡಿ ಕೈಯಾರೆ ಕೊಡುವುದು ಒಳ್ಳೆಯದು. ಕಾರ್ಯಕ್ರಮದ ನಡುವೆ ಎಪಿ ಚಾನೆಲ್ ಬದಲಿಸಿದರೆ ಅದಕ್ಕೆ ಅಂಟಿದ 75 ಫೋನ್‌ಗಳೂ ಒಟ್ಟಿಗೆ ಗಾಳಿಯಲ್ಲಿ ಹುಡುಕಾಟ ಶುರು ಮಾಡುತ್ತವೆ.

ಹಂತ 4: ಪವರ್

ಆಸನದಲ್ಲಿ ಮೈನಸ್ 60ರಿಂದ ಮೈನಸ್ 65 ಡಿಬಿಎಂ ಸಿಕ್ಕರೆ ಸಾಕು. ಮೇಲಿನ ಲೆಕ್ಕದಲ್ಲೇ 12 ಮೀಟರ್ ದೂರಕ್ಕೆ ಮೈನಸ್ 53 ಆಗುತ್ತದೆ. ಕೈ, ದೇಹ ಅಡ್ಡ ಬಂದು 8 ಡಿಬಿ ಹೋದರೂ ಮೈನಸ್ 61. ಹಾಗಾಗಿ 5 ಗಿಗಾಹರ್ಟ್ಸ್‌ಗೆ 10ರಿಂದ 12 ಡಿಬಿಎಂ, 2.4 ಹಚ್ಚಿದ್ದರೆ ಅದಕ್ಕೆ ಇನ್ನೂ 6 ಕಡಿಮೆ. ಫೋನಿನ ಪ್ರಸಾರ ಶಕ್ತಿ ಅಷ್ಟರ ಆಸುಪಾಸಿನಲ್ಲೇ ಇರುತ್ತದೆ. ಎಪಿ 20 ಡಿಬಿಎಂನಲ್ಲಿ ಕೂಗಿದರೆ ಫೋನಿಗೆ ಎಪಿ ಕೇಳುತ್ತದೆ, ಎಪಿಗೆ ಫೋನ್ ಕೇಳುವುದಿಲ್ಲ. ಸಿಗ್ನಲ್ ಪೂರ್ತಿ ಇದ್ದೂ ಪುಟ ತೆರೆಯದಿರುವುದಕ್ಕೆ ಇದೂ ಒಂದು ಕಾರಣ.

ಹಂತ 5: ಏರ್‌ಟೈಮ್ ಸೋರಿಕೆ ತಡೆಯುವುದು

ಪ್ರತಿ ಎಪಿ, ತಾನು ತೋರಿಸುವ ಪ್ರತಿ ನೆಟ್‌ವರ್ಕ್ ಹೆಸರಿಗೂ ಸೆಕೆಂಡಿಗೆ ಸುಮಾರು ಹತ್ತು ಬೀಕನ್ ಕಳಿಸುತ್ತದೆ, ಅದೂ ಅನುಮತಿ ಇರುವ ಅತಿ ಕಡಿಮೆ ದರದಲ್ಲಿ. 2.4 ಗಿಗಾಹರ್ಟ್ಸ್‌ನಲ್ಲಿ 300 ಬೈಟ್‌ನ ಬೀಕನ್ 1 ಎಂಬಿಪಿಎಸ್ ದರದಲ್ಲಿ ಸುಮಾರು 2.6 ಮಿಲಿಸೆಕೆಂಡ್ ತಿನ್ನುತ್ತದೆ. ಒಂದೇ ಚಾನೆಲ್‌ನಲ್ಲಿ ಕೇಳುವ ನಾಲ್ಕು ಎಪಿ, ಪ್ರತಿಯೊಂದರಲ್ಲೂ ನಾಲ್ಕು ಹೆಸರು ಎಂದರೆ ಪ್ರತಿ 102.4 ಮಿಲಿಸೆಕೆಂಡ್‌ನಲ್ಲಿ 16 ಬೀಕನ್, 41 ಮಿಲಿಸೆಕೆಂಡ್‌ಗೂ ಹೆಚ್ಚು. ಅಂದರೆ ಒಬ್ಬರೂ ಫೋನ್ ಮುಟ್ಟುವ ಮೊದಲೇ ಶೇ 40 ಸಮಯ ಖಾಲಿ. ಅದೇ ಬೀಕನ್ 24 ಎಂಬಿಪಿಎಸ್‌ನಲ್ಲಿ ಹೋದರೆ ತಲಾ 0.12 ಮಿಲಿಸೆಕೆಂಡ್, ಒಟ್ಟು ಶೇ 2ರ ಹತ್ತಿರ.

ಮಾಡಬೇಕಾದ್ದು ಎರಡು. ನೆಟ್‌ವರ್ಕ್ ಹೆಸರು ಎರಡಕ್ಕೆ, ಹೆಚ್ಚೆಂದರೆ ಮೂರಕ್ಕೆ ನಿಲ್ಲಿಸಿ. ಸಿಬ್ಬಂದಿ, ಅತಿಥಿ, ವೇದಿಕೆ ಎಂದು ಬೇರೆ ಮಾಡಬೇಕಿದ್ದರೆ ಒಂದೇ ಹೆಸರಿನಡಿ ಲಾಗಿನ್‌ಗೆ ತಕ್ಕಂತೆ ಬೇರೆ ಬೇರೆ ವಿಲ್ಯಾನ್ (ಒಂದೇ ಜಾಲದೊಳಗಿನ ಪ್ರತ್ಯೇಕ ಉಪಜಾಲ) ಕೊಡಬಹುದು. ಎರಡನೆಯದಾಗಿ 1, 2, 5.5, 11, 6, 9 ದರಗಳನ್ನು ಆಫ್ ಮಾಡಿ, ಕಡ್ಡಾಯ ಕನಿಷ್ಠ ದರವನ್ನು 12 ಅಥವಾ 24ಕ್ಕೆ ಇಡಿ. 24ಕ್ಕೆ ಏರಿಸಿದ ಮೇಲೆ ಅತ್ಯಂತ ದೂರದ ಆಸನದಲ್ಲಿ ಕೂತು ಹಳೆಯ ಫೋನಿನಿಂದ ಸೇರಿ ನೋಡಿ. ಸೇರದಿದ್ದರೆ 12ಕ್ಕೆ ಇಳಿಸಿ.

ಕನಿಷ್ಠ ದರ ಏರಿಸಿದರೆ ಎಪಿಯ ಕೋಶ ಚಿಕ್ಕದಾಗಿ ಚಾನೆಲ್ ಮರುಬಳಕೆ ಮಾಡಬಹುದು ಎಂದು ನಂಬುವವರಿದ್ದಾರೆ. ಅದು ಸರಿಯಲ್ಲ. ಫ್ರೇಮಿನ ಒಳಗಿನ ದರ ಏನೇ ಇರಲಿ, ಅದರ ಆರಂಭದ ಹೆಡರ್ 5 ಗಿಗಾಹರ್ಟ್ಸ್‌ನಲ್ಲಿ ಯಾವಾಗಲೂ 6 ಎಂಬಿಪಿಎಸ್‌ನ ಗಟ್ಟಿ ರೂಪದಲ್ಲೇ ಹೋಗುತ್ತದೆ. ದೂರದ ಎಪಿ ಆ ಹೆಡರ್ ಕೇಳಿದ ಕೂಡಲೇ ಸುಮ್ಮನಾಗುತ್ತದೆ. ದರ ಏರಿಸುವುದರಿಂದ ಸಮಯ ಉಳಿಯುತ್ತದೆ, ದೂರ ಕುಗ್ಗುವುದಿಲ್ಲ.

ನಿಧಾನದ ಸಾಧನ ಇಡೀ ಚಾನೆಲನ್ನು ಹೇಗೆ ಎಳೆಯುತ್ತದೆ ಎಂಬುದಕ್ಕೂ ಒಂದು ಲೆಕ್ಕ ಇದೆ. ಮೂಲೆಯಲ್ಲಿ ಕುಳಿತು 6 ಎಂಬಿಪಿಎಸ್‌ನಲ್ಲಿ ಮಾತಾಡುವ ಸಾಧನ 1500 ಬೈಟ್‌ಗೆ 2000 ಮೈಕ್ರೋಸೆಕೆಂಡ್ ಹಿಡಿಯುತ್ತದೆ, 150ರಲ್ಲಿರುವುದು 80. ಸರದಿ ಇಬ್ಬರಿಗೂ ಸಮನಾಗಿ ಬರುವುದರಿಂದ ವೇಗದ ಸಾಧನವೂ ನಿಧಾನದ್ದರ ಮಟ್ಟಕ್ಕೆ ಇಳಿಯುತ್ತದೆ. ಎಪಿಯಲ್ಲಿ ಏರ್‌ಟೈಮ್ ಸಮಪಾಲು ಸೌಲಭ್ಯ ಇದ್ದರೆ ಹಚ್ಚಿ. ಡೌನ್‌ಲೋಡ್‌ಗೆ ಅದು ಚೆನ್ನಾಗಿ ನೆರವಾಗುತ್ತದೆ, ಅಪ್‌ಲೋಡ್ ಫೋನಿನ ಕೈಯಲ್ಲೇ ಇರುತ್ತದೆ.

ಒಬ್ಬೊಬ್ಬರಿಗೆ ವೇಗ ಮಿತಿ ಹಾಕುವುದಾದರೆ 5 ಎಂಬಿಪಿಎಸ್ ಸುತ್ತ ಇಡಿ. 1 ಎಂಬಿಪಿಎಸ್‌ಗೆ ಬಿಗಿದರೆ ಪ್ಯಾಕೆಟ್‌ಗಳು ಬಿದ್ದು ಮತ್ತೆ ಮತ್ತೆ ಕಳಿಸಬೇಕಾಗಿ ಉಳಿತಾಯಕ್ಕಿಂತ ನಷ್ಟವೇ ಹೆಚ್ಚು. ಫೋನ್‌ಗಳು ವೈ-ಫೈ ಸಿಕ್ಕ ಕೂಡಲೇ ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಶುರು ಮಾಡುತ್ತವೆ. ಅವುಗಳಿಗೆ ಬೇರೆ ಮಿತಿ ಹಾಕುವುದು ಹೆಚ್ಚು ಪರಿಣಾಮಕಾರಿ.

ವೈ-ಫೈ 6ರಲ್ಲಿ ಬಂದ ಒಎಫ್‌ಡಿಎಂಎಯಿಂದ 20 ಮೆಗಾಹರ್ಟ್ಸ್ ಚಾನೆಲನ್ನು ಒಂಬತ್ತು ಸಾಧನಗಳವರೆಗೆ ಒಂದೇ ಹೊತ್ತಿಗೆ ಹಂಚಬಹುದು. ಪುಟ್ಟ ಪ್ಯಾಕೆಟ್‌ಗಳ ಹೊರೆಗೆ ಅದು ತಕ್ಕ ಮದ್ದು. ಹಚ್ಚಿಡಿ, ಆದರೆ ಅದನ್ನು ನಂಬಿ ಎಪಿ ಸಂಖ್ಯೆ ಕಡಿಮೆ ಮಾಡಬೇಡಿ. ಗುಂಪಿನಲ್ಲಿ ಹಳೆಯ ಸಾಧನಗಳು ಇರುವವರೆಗೂ ಲಾಭ ಲೆಕ್ಕದಷ್ಟು ಸಿಗುವುದಿಲ್ಲ.

ಹಂತ 6: 6 ಗಿಗಾಹರ್ಟ್ಸ್

ನಿಮ್ಮ ದೇಶದಲ್ಲಿ ಅನುಮತಿ ಇದ್ದರೆ ಇದು ದಟ್ಟ ವಿನ್ಯಾಸಕ್ಕೆ ಸಿಕ್ಕ ಅತಿದೊಡ್ಡ ನೆರವು. ಅಮೆರಿಕದಲ್ಲಿ 20 ಮೆಗಾಹರ್ಟ್ಸ್‌ನ 59 ಚಾನೆಲ್, ಯುರೋಪಿನಲ್ಲಿ 24. ಹಳೆಯ ಸಾಧನಗಳು ಇಲ್ಲಿಗೆ ಬರಲಾರವು, ಡಿಎಫ್‌ಎಸ್ ಕಾಟವೂ ಇಲ್ಲ. ಅಮೆರಿಕದಲ್ಲಿ ಒಳಾಂಗಣದ ಕಡಿಮೆ ಶಕ್ತಿಯ ಎಪಿಗೆ ಮಿತಿ ಇರುವುದು ಪ್ರತಿ ಮೆಗಾಹರ್ಟ್ಸ್‌ಗೆ 5 ಡಿಬಿಎಂ ಎಂದು. ಅಂದರೆ 20 ಮೆಗಾಹರ್ಟ್ಸ್‌ಗೆ 18, 40ಕ್ಕೆ 21. ಅಗಲ ಏರಿದಂತೆ ಅನುಮತಿಸಿದ ಶಕ್ತಿಯೂ ಏರುವುದರಿಂದ ಇಲ್ಲಿ 40 ಮೆಗಾಹರ್ಟ್ಸ್ ಬಳಸುವುದು ತಪ್ಪಲ್ಲ. ಆದರೆ ಆ ವರ್ಗದ ಎಪಿಗೆ ಹೊರಗಿನ ಆಂಟೆನಾ ಜೋಡಿಸಲು ಅಲ್ಲಿನ ನಿಯಮ ಬಿಡುವುದಿಲ್ಲ. ಎತ್ತರದ ಛಾವಣಿಯ ಜಾಗಗಳಲ್ಲಿ ಇದನ್ನು ಮೊದಲೇ ನೋಡಿಕೊಳ್ಳಿ. ಭದ್ರತೆಗೆ ಡಬ್ಲ್ಯುಪಿಎ3 ಅಥವಾ ಒಡಬ್ಲ್ಯುಇ (ಪಾಸ್‌ವರ್ಡ್ ಇಲ್ಲದೆಯೂ ಡೇಟಾವನ್ನು ಗೂಢಲಿಪಿಯಲ್ಲಿ ಕಳಿಸುವ ವಿಧಾನ) ಕಡ್ಡಾಯ. ಪಾಸ್‌ವರ್ಡ್ ಇಲ್ಲದ ಹಳೆಯ ತೆರೆದ ಅತಿಥಿ ನೆಟ್‌ವರ್ಕ್ 6 ಗಿಗಾಹರ್ಟ್ಸ್‌ನಲ್ಲಿ ಕಾಣಿಸಿಕೊಳ್ಳದಿರುವುದು ಇದೇ ಕಾರಣಕ್ಕೆ.

ಹಂತ 7: ತಂತಿಯ ಕಡೆ

ರೇಡಿಯೋ ವಿನ್ಯಾಸ ಸರಿಯಿದ್ದೂ ಬೀಳುವ ನೆಟ್‌ವರ್ಕ್‌ಗಳು ಇಲ್ಲಿ ಬೀಳುತ್ತವೆ.

ವಿದ್ಯುತ್: ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಕೊಡುವ ಪಿಒಇಯ ಹಳೆಯ ಮಾದರಿ ಎಪಿಗೆ ತಲುಪಿಸುವುದು 12.95 ವ್ಯಾಟ್, ಪಿಒಇ ಪ್ಲಸ್ 25.5. ಮೂರು ಬ್ಯಾಂಡ್‌ನ ಎಪಿಗೆ ಕನಿಷ್ಠ ಪಿಒಇ ಪ್ಲಸ್ ಬೇಕಾಗುತ್ತದೆ. ಸಾಲದಿದ್ದರೆ ಎಪಿ ಆರುವುದಿಲ್ಲ, ಒಂದು ರೇಡಿಯೋವನ್ನು ಅಥವಾ ಸ್ಟ್ರೀಮ್‌ಗಳನ್ನು ಸದ್ದಿಲ್ಲದೆ ಕಡಿತ ಮಾಡಿಕೊಂಡು ಓಡುತ್ತದೆ. ಸ್ವಿಚ್ಚಿನ ಒಟ್ಟು ಬಜೆಟ್ ಕೂಡಿ ನೋಡಿ: ಪೋರ್ಟಿಗೆ 30 ವ್ಯಾಟ್‌ನಂತೆ 12 ಎಪಿಗೆ 360. 370 ವ್ಯಾಟ್‌ನ ಸ್ವಿಚ್ ಒಂದೇ ಇದ್ದರೆ ಹದಿಮೂರನೆಯ ಎಪಿಗೆ ಜಾಗವಿಲ್ಲ.

ಐಪಿ ವಿಳಾಸ: /24 ಜಾಲದಲ್ಲಿ 254 ವಿಳಾಸ ಮಾತ್ರ (ಗೆರೆಯ ನಂತರದ ಸಂಖ್ಯೆ ಚಿಕ್ಕದಾದಷ್ಟೂ ವಿಳಾಸ ಹೆಚ್ಚು). 900 ಸಾಧನಕ್ಕೆ /22ರ 1022 ಸಾಕೆನಿಸಬಹುದು. ಆದರೆ ಜನ ಬಂದು ಹೋಗುತ್ತಾರೆ, ಫೋನ್‌ಗಳು ಜಾಲಕ್ಕೆ ತೋರಿಸುವ ತಮ್ಮ ಗುರುತಾದ ಮ್ಯಾಕ್ ವಿಳಾಸ ಬದಲಿಸುತ್ತವೆ. /21 ಕೊಡಿ, 2046 ವಿಳಾಸ ಸಿಗುತ್ತವೆ. ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ವ್ಯವಸ್ಥೆ) ಒಂದು ವಿಳಾಸ ಕೊಡುವ ಅವಧಿ ಒಂದು ಗಂಟೆ ಇರಲಿ. 24 ಗಂಟೆ ಇಟ್ಟರೆ ಬೆಳಗಿನ ಕಾರ್ಯಕ್ರಮದವರು ಹೋದ ಮೇಲೂ ಅವರ ವಿಳಾಸಗಳು ಸಂಜೆಯವರಿಗೆ ಸಿಗುವುದಿಲ್ಲ.

ಬ್ರಾಡ್‌ಕಾಸ್ಟ್: ಇಷ್ಟು ದೊಡ್ಡ ಜಾಲದಲ್ಲಿ ಸಾಧನಗಳು ಒಂದನ್ನೊಂದು ಹುಡುಕುವ ಎಆರ್‌ಪಿ, ಎಂಡಿಎನ್‌ಎಸ್ ಕೂಗುಗಳು ಎಲ್ಲ ಎಪಿಗಳಿಂದಲೂ ಕಡಿಮೆ ದರದಲ್ಲಿ ಹೊರಬೀಳುತ್ತವೆ. ಅತಿಥಿಗಳು ಪರಸ್ಪರ ಕಾಣದಂತೆ ಮಾಡಿ, ಆ ಕೂಗಿಗೆ ಎಪಿಯೇ ಉತ್ತರಿಸುವ ಎಆರ್‌ಪಿ ಪ್ರಾಕ್ಸಿ ಹಚ್ಚಿ, ಒಂದೇ ಸಲ ಹಲವರಿಗೆ ಹೋಗುವ ಮಲ್ಟಿಕಾಸ್ಟ್ ತಡೆಯಿರಿ.

ಗೇಟ್‌ವೇ: ಒಂದು ಸಾರ್ವಜನಿಕ ಐಪಿಯಲ್ಲಿ ಪೋರ್ಟ್‌ಗಳು (ಹೊರಗಿನ ಒಂದೊಂದು ಸಂಪರ್ಕಕ್ಕೂ ಬಳಸುವ ಸಂಖ್ಯೆ) 64 ಸಾವಿರದಷ್ಟು. ಸಾಧನಕ್ಕೆ 100 ಸಂಪರ್ಕವೆಂದರೆ 900ಕ್ಕೆ 90 ಸಾವಿರ. ಎರಡು ಸಾರ್ವಜನಿಕ ಐಪಿ ಇಟ್ಟುಕೊಳ್ಳಿ, ರೂಟರ್‌ನ ಸೆಷನ್ ಮಿತಿಯನ್ನೂ (ಒಟ್ಟಿಗೆ ನಿಭಾಯಿಸಬಲ್ಲ ಸಂಪರ್ಕಗಳ ಸಂಖ್ಯೆ) ನೋಡಿ.

ಹಂತ 8: ಅಳೆಯುವುದು

ಶಾಶ್ವತವಾಗಿ ಕಟ್ಟುವ ಮೊದಲು ಒಂದು ಎಪಿಯನ್ನು ಕೋಲಿನ ಮೇಲೆ ನಿಜವಾದ ಎತ್ತರಕ್ಕೇರಿಸಿ, ನಿಜವಾದ ಪವರ್‌ನಲ್ಲಿ ಅಳೆಯಿರಿ. ಸಮೀಕ್ಷೆಗೆ ಬಳಸುವ ಅಡಾಪ್ಟರ್‌ಗಿಂತ ಫೋನಿನ ಆಂಟೆನಾ ದುರ್ಬಲ. ಎರಡನ್ನೂ ಪಕ್ಕದಲ್ಲಿಟ್ಟು ವ್ಯತ್ಯಾಸ ತಿಳಿದುಕೊಂಡು ಅಷ್ಟನ್ನು ಕಳೆಯಿರಿ. 600 ಫೋನ್ ಒಟ್ಟುಗೂಡಿಸುವುದು ಕಷ್ಟ. ಮೂವತ್ತು ಸಾಧನಗಳನ್ನು ಒಂದೇ ಎಪಿಗೆ ಸೇರಿಸಿ ವೇಗ ಅಳೆಯುವ ಐಪರ್ಫ್ ತಂತ್ರಾಂಶದಿಂದ ಒಟ್ಟಿಗೆ ಓಡಿಸಿ. ಆ ಒಂದು ಚಾನೆಲ್‌ನ ಒಟ್ಟು ವೇಗ 60 ಎಂಬಿಪಿಎಸ್‌ಗಿಂತ ಬಹಳ ಕೆಳಗಿದ್ದರೆ ಮೊದಲ ಹಂತದ ಲೆಕ್ಕವನ್ನು ತಿದ್ದಬೇಕು.

ಕಾರ್ಯಕ್ರಮದ ದಿನ ಪ್ರತಿ ರೇಡಿಯೋದ ನಾಲ್ಕು ಸಂಖ್ಯೆ ಕಣ್ಣಮುಂದಿರಲಿ: ಚಾನೆಲ್ ಬಳಕೆಯ ಪ್ರಮಾಣ, ಮರುಪ್ರಸಾರದ ಪ್ರಮಾಣ, ಅಂಟಿದ ಸಾಧನಗಳು, ಗದ್ದಲದ ಮಟ್ಟ. ಬಳಕೆ ಶೇ 50 ದಾಟಿದರೆ ಜನರಿಗೆ ನಿಧಾನ ಗೊತ್ತಾಗತೊಡಗುತ್ತದೆ, ಶೇ 80ರಲ್ಲಿ ದೂರು ಖಚಿತ. ಮರುಪ್ರಸಾರ ಶೇ 10ರೊಳಗಿದ್ದರೆ ಚೆನ್ನ, ಶೇ 20 ದಾಟಿದರೆ ಕಾರಣ ಹುಡುಕಬೇಕು.

ಹಂತ 9: ಕೆಡುವ ಬಗೆಗಳು

ಬಳಕೆ ಶೇ 80, ಆದರೆ ಆ ಎಪಿ ಸಾಗಿಸುತ್ತಿರುವ ಡೇಟಾ ಅತ್ಯಲ್ಪ: ಅದೇ ಚಾನೆಲ್‌ನಲ್ಲಿ ಬೇರೆಯವರಿದ್ದಾರೆ. ವೇದಿಕೆಯ ವೈರ್‌ಲೆಸ್ ವಿಡಿಯೋ ಸಾಧನ, ಮಾಧ್ಯಮದವರ ಹಾಟ್‌ಸ್ಪಾಟ್, ಪಕ್ಕದ ಕೋಣೆಯ ಎಪಿ, ಈ ಕ್ರಮದಲ್ಲಿ ಹುಡುಕಿ. ಒಂದು 80 ಮೆಗಾಹರ್ಟ್ಸ್ ಹಾಟ್‌ಸ್ಪಾಟ್ ನಿಮ್ಮ ನಾಲ್ಕು ಚಾನೆಲ್‌ಗಳ ಮೇಲೆ ಕೂರುತ್ತದೆ.

ಬಾಗಿಲ ಬಳಿಯ ಎಪಿಗೆ 200 ಸಾಧನ, ನಡುವಿನವಕ್ಕೆ 30: ಎಲ್ಲರೂ ಒಂದೇ ಬಾಗಿಲಿಂದ ಬಂದಿದ್ದಾರೆ, ಮೊದಲು ಸಿಕ್ಕ ಎಪಿಯನ್ನು ಫೋನ್‌ಗಳು ಬಿಟ್ಟಿಲ್ಲ. ಎಲ್ಲ ಕಡೆ ಸಿಗ್ನಲ್ ಚೆನ್ನಾಗಿರುವುದರಿಂದ ಬಿಡಲು ಅವಕ್ಕೆ ಕಾರಣವೂ ಇಲ್ಲ. 802.11ಕೆ ಜೊತೆ 802.11ವಿ (ಬೇರೆ ಎಪಿಗೆ ಹೋಗಲು ಫೋನಿಗೆ ಸೂಚಿಸುವ ಸೌಲಭ್ಯ) ಹಚ್ಚಿ, ಆ ಎಪಿಯ ಪವರ್ 3 ಡಿಬಿ ಇಳಿಸಿ, ಸಾಧನಗಳ ಮಿತಿ 100ಕ್ಕೆ ಇಡಿ. ದುರ್ಬಲ ಸಿಗ್ನಲ್‌ನವರನ್ನು ಬಲವಂತವಾಗಿ ಕಳಚುವ ಸೌಲಭ್ಯವನ್ನು ಕೊನೆಗೆ ಮಾತ್ರ ಮುಟ್ಟಿ. ಕಳಚಿದ ಫೋನ್ ಮತ್ತೆ ಅದೇ ಎಪಿಗೆ ಬಂದು ಸೇರಲು ಯತ್ನಿಸುತ್ತಾ ಇನ್ನಷ್ಟು ಏರ್‌ಟೈಮ್ ತಿನ್ನಬಹುದು.

ಸಿಗ್ನಲ್ ಚೆನ್ನ, ಬಳಕೆ ಕಡಿಮೆ, ಆದರೂ ಇಂಟರ್‌ನೆಟ್ ಇಲ್ಲ: ರೇಡಿಯೋ ಬಿಟ್ಟು ಡಿಎಚ್‌ಸಿಪಿ, ಡಿಎನ್‌ಎಸ್ (ತಾಣದ ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ), ಸೆಷನ್ ಮಿತಿ, ಈ ಕ್ರಮದಲ್ಲಿ ನೋಡಿ. ಫೋನಿಗೆ 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ಡಿಎಚ್‌ಸಿಪಿ ಉತ್ತರವೇ ಸಿಕ್ಕಿಲ್ಲ ಎಂದರ್ಥ.

ಮರುಪ್ರಸಾರ ಎಲ್ಲ ಎಪಿಗಳಲ್ಲೂ ಏರಿದೆ: ಪಕ್ಕದ ಎಪಿಗಳಿಗೆ ಪಕ್ಕದ ಚಾನೆಲ್ ಬಿದ್ದಿದೆಯೇ, ಎಪಿಯನ್ನು ಲೋಹದ ಕೊಳವೆ ಅಥವಾ ಸುಳ್ಳು ಛಾವಣಿಯ ಲೋಹದ ಹಾಳೆಯ ಮೇಲೆ ಬಚ್ಚಿಟ್ಟಿದ್ದಾರೆಯೇ ನೋಡಿ. ಎರಡೂ ಇಲ್ಲವಾದರೆ ಒಂದು ಎಪಿಗೆ ಅಂಟಿದ ಸಾಧನಗಳು ಮಿತಿ ಮೀರಿ ಡಿಕ್ಕಿಗಳು ಹೆಚ್ಚಾಗಿವೆ. ಆಗ ಎಪಿಯ ಗ್ರಹಣ ಮಿತಿಯನ್ನು ಏರಿಸುವ ಸೆಟ್ಟಿಂಗ್ ಕಡೆ ಕೈ ಹೋಗುತ್ತದೆ. ದೂರದ ಸಾಧನಗಳನ್ನು ಕಿವಿಗೆ ಹಾಕಿಕೊಳ್ಳದಂತೆ ಮಾಡುವ ಅದು ಮೈನಸ್ 80ರ ಆಚೆ ಏರಿದರೆ ಜೇಬಿನಲ್ಲಿರುವ ಫೋನ್‌ಗಳ ಪ್ರಸಾರವೂ ಎಪಿಗೆ ತಲುಪದೆ ಮರುಪ್ರಸಾರ ಇನ್ನೂ ಏರುತ್ತದೆ. ಒಂದೇ ಎಪಿಯಲ್ಲಿ, 2 ಡಿಬಿಯಂತೆ ಬದಲಿಸಿ, ಪ್ರತಿ ಬದಲಾವಣೆಯ ಮೇಲೆ ಹತ್ತು ನಿಮಿಷ ಅಂಕಿ ಗಮನಿಸಿ, ಆಮೇಲೆ ಮುಂದಿನ ಎಪಿಗೆ ಹೋಗಿ.